ಶೇಂಗಾ ಯಂತ್ರದ ಎರಡು ತೂತು

ಕುಂದರಗಿ ಮೇಷ್ಟ್ರ ಆಶ್ರಮಕ್ಕೆ ತಗಡಿನ ಸೂರು, ಎಣ್ಣೆ ಕುಡಿದ ನೆಲ. ಕಾಲೇಜಿನವರು ಅದನ್ನು ಮೆಕ್ಯಾನಿಕಲ್ ವರ್ಕ್‌ಶಾಪ್ ಎನ್ನುತ್ತಿದ್ದರು.

ಕೊನೆಯ ವರ್ಷದವರು ಅಲ್ಲಿ ತಲಾ ಒಂದು ಯಂತ್ರವನ್ನು ಕೈಯಾರೆ ಮಾಡಬೇಕಿತ್ತು. ದಾನೇಶ್ವರಿ ಶೇಂಗಾ ಸುಲಿಯುವ ಯಂತ್ರಕ್ಕೆ ಕೈಹಾಕಿದ್ದಳು. ಹಿಡಿಕೆ ತಿರುವಿದರೆ ಒಳಗಿನ ಉರುಳೆ ಕಾಯನ್ನು ಜಾಲರಿಗೆ ಉಜ್ಜಿ ಸಿಪ್ಪೆ ಬಿಡಿಸಬೇಕು.

ಜಾಲರಿಯನ್ನು ಬಿಗಿಯಲು ಅವಳು ಪಕ್ಕದ ಕಬ್ಬಿಣದ ಪಟ್ಟಿಗೆ ತೂತು ಕೊರೆದಳು. ಜಾಲರಿ ಉರುಳೆಗೆ ತೀರಾ ಹತ್ತಿರವಾಯಿತು. ಶೇಂಗಾ ಪುಡಿಪುಡಿಯಾಗಿ ಬಿತ್ತು.

“ಚಲೋ ಆತು,” ಎಂದರು ಮೇಷ್ಟ್ರು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು. “ಹಿಂಡಿ ಮಾಡೋ ಯಂತ್ರ ಆತು. ಉಪ್ಪು ಖಾರ ಹಾಕಿದ್ರ ಮುಗೀತು.”

ಮರುದಿನ ಅವಳು ನಿಜವಾಗಿಯೂ ಆ ಪುಡಿಯ ಸಿಪ್ಪೆ ಕೇರಿ, ಉಪ್ಪು ಖಾರ ಬೆರೆಸಿ, ಚಟ್ನಿಪುಡಿಯಂಥ ಶೇಂಗಾ ಹಿಂಡಿ ಮಾಡಿ ತಂದಳು. ಮೇಷ್ಟ್ರು ರೊಟ್ಟಿಗೆ ಹಚ್ಚಿಕೊಂಡು ಡಬ್ಬಿ ಖಾಲಿ ಮಾಡಿದರು.

ಎರಡನೆಯ ತೂತಿಗೆ ಜಾಲರಿ ದೂರವಾಯಿತು. ಕಾಯಿ ಹೋದ ಹಾಗೇ ಹೊರಬಂತು. ಅಂದು ಅವಳು ಅತ್ತಳು. ಮೇಷ್ಟ್ರು ಚಹಾ ತರಿಸಿದರು.

ಮೂರನೆಯದು ಸರಿಯಾಗಿ ಕೂತಿತು. ಕಾಳು ಇಡಿಯಾಗಿ ಉದುರಿದವು.

ಪರೀಕ್ಷೆಯ ಹಿಂದಿನ ದಿನ ಯಂತ್ರಗಳಿಗೆಲ್ಲ ಬಣ್ಣ ಹಚ್ಚುವುದು ಆ ಕಾಲೇಜಿನ ವಾಡಿಕೆ, ಹಬ್ಬಕ್ಕೆ ಎತ್ತಿನ ಕೋಡಿಗೆ ಹಚ್ಚುವಂತೆ.

“ಸರ್, ಯಾವ ಬಣ್ಣ ಹಚ್ಚಲ್ರಿ?”

“ನಿನ್ನ ಯಂತ್ರ, ನಿನ್ನ ಬಣ್ಣ.” ಮೇಷ್ಟ್ರು ಕಪಾಟಿನಿಂದ ಕಬ್ಬಿಣ ಉಜ್ಜುವ ಎಮರಿ ಪೇಪರಿನ ತುಂಡೊಂದನ್ನು ತೆಗೆದು ಅವಳ ಕೈಗಿಟ್ಟರು. “ಇದನ್ನೂ ಇಟ್ಕೊ, ತಂಗಿ.”

“ಬಣ್ಣ ಹಚ್ಚೂಕಿಂತ ಮೊದಲ ಉಜ್ಜಲ್ರಿ?”

“ಹಚ್ಚಿದ ಮ್ಯಾಲ.”

ಮೇಷ್ಟ್ರಿಗೆ ವಯಸ್ಸಾಯಿತು ಎಂದುಕೊಂಡು ಅವಳು ಅದನ್ನು ಏಪ್ರನ್ ಜೇಬಿಗೆ ತುರುಕಿದಳು. ತಪ್ಪು ತೂತು ಎರಡಕ್ಕೂ ಪುಟ್ಟಿ ತುಂಬಿ, ಮೇಲೆ ನೀಲಿ ಬಳಿದಳು. ಹೊರಗಿನವರ ಎದುರು ಮೇಷ್ಟ್ರ ಮಾನ ಹೋಗಬಾರದೆಂಬುದು ಅವಳ ಆಸೆ.

ಮರುದಿನ ಮೈಸೂರು ಕಡೆಯಿಂದ ಬಂದ ಪರೀಕ್ಷಕರು ಯಂತ್ರವನ್ನು ಒಂದು ಸುತ್ತು ಹಾಕಿದರು.

“ತುಂಬ ನೀಟಾಗಿದೆಯಮ್ಮ. ಯಾವ ಅಂಗಡಿಯಲ್ಲಿ ತಗೊಂಡೆ?”

“ನಾನ ಮಾಡೇನ್ರಿ ಸರ್.”

“ಎಲ್ಲರೂ ಹಾಗೇ ಹೇಳ್ತಾರೆ. ಪ್ರಾಜೆಕ್ಟ್ ಮಾರೋ ಅಂಗಡಿಗಳನ್ನ ನಾನೂ ನೋಡಿದೀನಿ. ಬೆಳ್ಳಗಿರೋದೆಲ್ಲ ಹಾಲಲ್ಲ. ಒಂದು ತಪ್ಪೂ ಇಲ್ಲದೆ ಯಾರ ಕೈಗೂ ಹೀಗೆ ಬರಲ್ಲ.”

ಅವರು ಪೆನ್ನಿನ ಮುಚ್ಚಳ ತೆಗೆದರು. ಕೊಂಡು ತಂದದ್ದೆಂದು ಬರೆದರೆ ಅವಳ ವರ್ಷವೇ ಹೋಗುತ್ತಿತ್ತು.

ದಾನೇಶ್ವರಿ ಮೇಷ್ಟ್ರ ಮುಖ ನೋಡಿದಳು. ಪರೀಕ್ಷಕರೂ ನೋಡಿದರು. “ನೀವೇ ಹೇಳಿ ಸಾರ್.”

“ನಾ ಹೇಳಿದ್ರ ಅದು ನನ್ನ ಮಾತು ಆಗತದ್ರಿ,” ಎಂದರು ಮೇಷ್ಟ್ರು. “ಯಂತ್ರನ್ನ ಕೇಳ್ರಿ.”

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಡಬ್ಬಿ ಹಿಂಡಿ ತಿಂದ ಬಾಯಿ ಈಗ ಒಂದು ಮಾತು ಆಡಬಾರದೇ? ಕಣ್ಣೊರೆಸಿಕೊಳ್ಳಲು ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದಳು. ಒರಟು ಕಾಗದ ಬೆರಳಿಗೆ ತಾಗಿತು.

ಅವಳು ಕೂತು ಪಟ್ಟಿಯ ಬಣ್ಣ ಉಜ್ಜತೊಡಗಿದಳು. ನೀಲಿ ಪುಡಿ ನೆಲಕ್ಕೆ ಉದುರಿತು. ಪುಟ್ಟಿಯನ್ನು ಮೊಳೆಯಿಂದ ಚುಚ್ಚಿ ತೆಗೆದಳು.

ಪರೀಕ್ಷಕರು ಬಗ್ಗಿ ಒಂದು ತೂತಿಗೆ ಬೆರಳಿಟ್ಟರು. “ಇದೇನು?”

“ಮೊದಲನೇದ್ರಿ. ಜಾಲರಿ ಸಮೀಪ ಆತು. ಎಲ್ಲಾ ಪುಡಿ ಆತು.”

“ಇದು?”

“ಎರಡನೇದ್ರಿ. ದೂರ ಆತು. ಕಾಯಿ ಹಂಗ ಬಂತು. ಆಮ್ಯಾಲ ಎರಡರ ನಡುವಿನ ಎತ್ತರ ಹಿಡದು ಬಾಜೂಕ ಕೊರದೇನ್ರಿ.”

“ಪುಡಿಯಾದದ್ದನ್ನ ಏನು ಮಾಡಿದೆ?”

“ಸರ್ ತಿಂದ್ರು.”

ಪರೀಕ್ಷಕರು ಮೊದಲ ಬಾರಿಗೆ ನಕ್ಕರು. “ಈ ತೂತುಗಳನ್ನ ಯಾವ ಅಂಗಡಿಯವನೂ ಮಾರಲ್ಲ,” ಎಂದು ಪೆನ್ನಿನ ಮುಚ್ಚಳ ಹಾಕಿದರು. “ತಿರುಗಿಸಮ್ಮ, ನೋಡೋಣ.”

ಅವಳು ತಿರುವಿದಳು. ಕಾಳು ಇಡಿಯಾಗಿ ಉದುರಿದವು.

ಎಲ್ಲರೂ ಹೋದ ಮೇಲೆ ದಾನೇಶ್ವರಿ ಉಳಿದ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಬಂದಳು. ಮೇಷ್ಟ್ರು ಯಂತ್ರದ ಕೆಳಗಿನ ಕಾಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತಿದ್ದರು.

“ಸರ್, ನಿಮ್ಮ ವರ್ಕ್‌ಶಾಪಿನ್ಯಾಗ ಇಡೂ ಯಂತ್ರ. ಹಿಂಗ ಕೆರದಂಗ ಇದ್ರ ಚಂದ ಕಾಣಂಗಿಲ್ಲ. ಮತ್ತ ಬಣ್ಣ ಹಚ್ಚಲ್ರಿ?”

“ಹಚ್ಚು, ತಂಗಿ,” ಎಂದರು ಮೇಷ್ಟ್ರು. “ತೂತು ಕಾಣೂ ಹಂಗ ಹಚ್ಚು.”