ಸೌತೆಕಾಯಿಯ ಮೇಲೊಂದು ಕೊಸರು

"ಕೇಳಿರಿ, ಕೇಳಿರಿ! ಮಹಾರಾಣಿ ವೀರಲದೇವಿಯವರ ಆಜ್ಞೆ! ವಿದ್ಯಾಪೀಠದಲ್ಲಿ ವ್ಯಾಪಾರವಿದ್ಯೆ ಕಲಿತವರು ಬಂದು ಮೂರು ಒಗಟು ಬಿಡಿಸಬೇಕು. ಮೂರನ್ನೂ ಬಿಡಿಸಿದವನು ಪೀಠದ ಒಡೆಯ. ಒಂದು ತಪ್ಪಿದರೂ ಸಂಜೆಗೆ ತಲೆದಂಡ!"

ಡಂಗುರ ಸಾರಿಸಿದ ರಾಣಿಗೆ ತಲೆ ತೆಗೆಯುವ ಆಸೆಯೇನೂ ಇರಲಿಲ್ಲ, ಆಕೆ ರೋಸಿಹೋಗಿದ್ದಳು. ಆಕೆ ಕಟ್ಟಿಸಿದ ಪೀಠದಿಂದ ವರ್ಷವರ್ಷವೂ ಪಂಡಿತರು ಹೊರಬಂದರು. ಅಂಗಡಿ ಮಾತ್ರ ಒಂದೂ ತೆರೆಯಲಿಲ್ಲ.

ಮೊದಲು ಬಂದವನು ಗುಣಕೀರ್ತಿ. ರಾಣಿ ಅವನಿಗೆ ಮೊದಲ ಒಗಟು ಹಾಕಿದಳು.

"ದಿನಕ್ಕೊಮ್ಮೆ ಮಾತ್ರ ಬರುತ್ತದೆ. ಬರುವವರೆಗೆ ಅಂಗಡಿಯವನು ಸಾಲ ಕೊಡನು, ಬಂದರೆ ಕಣ್ಣಿಗೊತ್ತಿಕೊಳ್ಳುವನು. ಏನದು?"

"ಅರುಣೋದಯ, ಮಹಾರಾಣಿಯವರೇ. ಶಾಸ್ತ್ರಾಧಾರವಿದೆ."

"ಅರುಣೋದಯವನ್ನು ಹಿಡಿದು ಕಣ್ಣಿಗೊತ್ತಿಕೊಳ್ಳುತ್ತೀಯೇನಯ್ಯ? ಆಚೆ ನಿಲ್ಲು!"

ಅವನ ಸಹಪಾಠಿ ಪದ್ಮನಿಧಿಗೆ ಎರಡನೆಯದನ್ನು ಹಾಕಿದಳು. "ತಕ್ಕಡಿಯಲ್ಲಿ ತೂಗಿದ್ದಲ್ಲ, ಬೆಲೆಗೆ ಸೇರಿದ್ದಲ್ಲ. ಆದರೂ ಕೊಡದಿದ್ದರೆ ಕೊಂಡವಳು ಮುಖ ಊದಿಸಿಕೊಂಡು ಹೋಗುತ್ತಾಳೆ."

"ಧರ್ಮ."

ರಾಣಿ ಹಣೆ ಒತ್ತಿಕೊಂಡಳು. "ನೀನೂ ಆಚೆ ನಿಲ್ಲು."

ಹೊತ್ತು ಇಳಿಯುತ್ತಿತ್ತು. ಆಗ ಮುದ್ದಯ್ಯ ಮುಂದೆ ಬಂದ. ಅದೇ ಪೀಠದಲ್ಲಿ ಸೂತ್ರ ಒಪ್ಪಿಸಲಾರದೆ ಬೈಸಿಕೊಳ್ಳುತ್ತಿದ್ದವನು. ಬೆಳಗ್ಗೆ ಅಜ್ಜಿಯೊಡನೆ ಸೌತೆಕಾಯಿ ಮಾರುತ್ತಿದ್ದವನು.

"ತಲೆ ಹೋದೀತು, ಗೊತ್ತೇ?"

"ಗೊತ್ತು, ತಾಯಿ. ಆದರೆ ಆ ಇಬ್ಬರೂ ನನ್ನ ಜೊತೆಗಾರರು. ಮೊದಲನೆಯದು ಬೋಣಿ, ದಿನದ ಮೊದಲ ವ್ಯಾಪಾರ. ಬೋಣಿಗೆ ಮುಂಚೆಯೇ ಉದ್ರಿ ಕೊಟ್ಟು ಅಜ್ಜಿಯ ಕೈಲಿ ಪೆಟ್ಟು ತಿಂದಿದ್ದೇನೆ. ಎರಡನೆಯದು ಕೊಸರು, ತೂಕದ ಮೇಲೆ ಬಿಟ್ಟಿ ಹಾಕುವುದು. ಒಮ್ಮೆ ಒಬ್ಬಳನ್ನು ಮೇಲೊಂದು ಎಳೆಕಾಯಿ ಹಾಕದೆ ಕಳಿಸಿದೆ. ಆ ಹೆಂಗಸು ಮತ್ತೆ ನಮ್ಮತ್ತ ಸುಳಿಯಲೇ ಇಲ್ಲ."

ರಾಣಿ ನೆಟ್ಟಗೆ ಕುಳಿತಳು. "ಕೊನೆಯದು. ವ್ಯಾಪಾರಿಗಿಂತ ಮುಂಚೆ ಮನೆಮನೆ ಹೊಗುತ್ತದೆ. ನಾಚಿಕೊಂಡವನ ಗಂಟಲಲ್ಲೇ ಉಳಿಯುತ್ತದೆ. ಅದು ಉಳಿದರೆ ಬುಟ್ಟಿಯ ಮಾಲೂ ಉಳಿಯುತ್ತದೆ."

ಮುದ್ದಯ್ಯ ಸಭೆಯನ್ನೊಮ್ಮೆ ನೋಡಿದ. ಕೈಯನ್ನು ಕೆನ್ನೆಗೆ ಆನಿಸಿ, "ಸೌತೇಕಾಯ್... ಎಳೇ ಸೌತೇಕಾಯ್!" ಎಂದು ಕೂಗಿದ.

ಮಂತ್ರಿಗಳು ಬೆಚ್ಚಿದರು. ಅಂತಃಪುರದ ಕಿಟಕಿಯಿಂದ ದಾಸಿಯೊಬ್ಬಳು, "ಹೇಗಪ್ಪಾ ಕೊಟ್ಟೆ?" ಎಂದಳು.

"ಉತ್ತರ ಅದೇ, ಕೂಗು!" ರಾಣಿಗೆ ನಗು ತಡೆಯಲಾಗಲಿಲ್ಲ. "ಪೀಠ ನಿನ್ನದಯ್ಯ."

"ಹಾಗಾದರೆ ಆ ಎರಡು ತಲೆಗಳೂ ನನಗೆ ಬೇಕು, ತಾಯಿ."

"ಏತಕ್ಕೆ?"

"ಬುಟ್ಟಿ ಹೊರುವುದಕ್ಕೆ."

ಮರುದಿನ ಬೆಳಗ್ಗೆ ಅರಮನೆಯ ಬಾಗಿಲಲ್ಲಿ ಸಣ್ಣ ಧ್ವನಿಯೊಂದು ಕೇಳಿಸಿತು: "ಸೌತೆಕಾಯಿಗಳು ಲಭ್ಯವಿವೆ."

"ಜೋರಾಗಿ, ಗುಣಕೀರ್ತಿ!" ಎನ್ನುತ್ತ ರಾಣಿ ತಾನೇ ಇಳಿದು ಬಂದಳು. "ಬೋಣಿ ನನ್ನದೇ ಆಗಲಿ."

ಅವನು ತೂಗಿದ, ಕೊಟ್ಟ, ಬಂದ ಕಾಸನ್ನು ಕಣ್ಣಿಗೊತ್ತಿಕೊಂಡು ಬುಟ್ಟಿ ಎತ್ತಲು ಹೊರಟ. ರಾಣಿ ಒಡ್ಡಿದ ಸೆರಗನ್ನು ಮಡಿಸದೆ ನಿಂತೇ ಇದ್ದಳು.

"ಏನಾದರೂ ಮರೆತೆಯೇನಯ್ಯ?"

ಗುಣಕೀರ್ತಿ ಕೆಂಪಗಾಗಿ, ಎಳೆಯದೊಂದನ್ನು ಆರಿಸಿ ಸೆರಗಿಗೆ ಹಾಕಿದ.

"ನಾಳೆಯೂ ಬಾ," ಎಂದಳು ರಾಣಿ.