ಗೌಡರ ಕಾರಿನ ಟಕ್ ಟಕ್

ಸಕ್ಕರೆ ಕಾರ್ಖಾನೆಯ ಅಧ್ಯಕ್ಷ ಅಡಿವೆಪ್ಪಗೌಡರ ಕಾರಿನ ಮುಂದಿನ ಗಾಲಿಯಿಂದ ಆಗೊಮ್ಮೆ ಈಗೊಮ್ಮೆ ಟಕ್ ಟಕ್ ಸಪ್ಪಳ ಬರುತ್ತಿತ್ತು. ಗ್ಯಾರೇಜಿಗೆ ಒಯ್ದರೆ ಮಾಯವಾಗುತ್ತಿತ್ತು.

ಒಂದು ದಿನ ಪೇಟೆಯ ನಡುವೆಯೇ ಗೌಡರು ಡ್ರೈವರ್ ದಸ್ತಗೀರನಿಗೆ ಗದರಿದರು. "ಕಿವುಡ ಮಗನ, ಇವತ್ತು ಆ ಸಪ್ಪಳ ಹುಡುಕಲಿಲ್ಲಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ!"

ದಸ್ತಗೀರ ಕೈಮುಗಿದ. "ನಾ ಕಿವುಡ ಖರೇ ರೀ. ಗಾಡಿ ಉರುಳುವಾಗ ಹೊರಗ ನಿಂತು ಗಾಲಿಗೆ ಕಿವಿ ಕೊಡಬೇಕು. ಅಂಥಾ ಚುರುಕು ಕಿವಿ ಈ ಊರಾಗ ನಿಮಗಷ್ಟ ಅದಾವು."

ಹೊಗಳಿಕೆಗೆ ಉಬ್ಬಿದ ಗೌಡರು ಕೆಳಗಿಳಿದರು. ದಸ್ತಗೀರ ಗಾಡಿಯನ್ನು ಆಮೆಯಂತೆ ನಡೆಸಿದ. ಗೌಡರು ಸೊಂಟ ಬಗ್ಗಿಸಿ, ಗಾಲಿಗೆ ಕಿವಿಯಾನಿಸಿ, ಪೇಟೆಯುದ್ದಕ್ಕೂ ನಡೆದರು. ಅಂಗಡಿಯವರೆಲ್ಲ ಹೊರಬಂದು ನೋಡಿದರು. ಸಪ್ಪಳ ಮಾತ್ರ ಬರಲಿಲ್ಲ.

ಬಾಳೆಹಣ್ಣು ಮಾರುವ ಯಮನವ್ವ ಕೂಗಿದಳು: "ಗೌಡರು ಇಷ್ಟು ಬಾಗ್ಯಾರಲ್ಲ, ಮತ್ತ ಇಲೆಕ್ಷನ್ ಬಂತೇನು?"

ಪೇಟೆಗೆ ಪೇಟೆಯೇ ನಕ್ಕಿತು. ಗೌಡರು ಮುಖ ಕೆಂಪಗೆ ಮಾಡಿಕೊಂಡು ಕಾರು ಹತ್ತಿ ಧಡಾರನೆ ಬಾಗಿಲು ಹಾಕಿಕೊಂಡರು.

ಪೇಟೆ ದಾಟುತ್ತಲೇ ಮತ್ತೆ ಟಕ್ ಟಕ್ ಶುರುವಾಯಿತು.

"ಸಾಹೇಬ್ರ, ಬಂತು ನೋಡ್ರಿ. ಇಳಿದು ಕೇಳ್ತೀರೇನು?"

"ಯಾವ ಸಪ್ಪಳಲೇ? ನನಗೇನೂ ಕೇಳಸವಲ್ದು. ಸುಮ್ಮ ನಡಿ!"