ಮೋಟಾರು ಬಿಸಿಯಾಗಲಿಲ್ಲವೆಂದು

"ಬುದ್ಧೀ, ದಾಸೋಹದ ಉಸ್ತುವಾರಿಯನ್ನು ನನ್ನಿಂದ ತೆಗೆದು ಮರುಳಯ್ಯನಿಗೆ ಕೊಟ್ಟಿರಂತಲ್ಲ, ಯಾಕೆ?" ಎಂದು ಶಿಷ್ಯ ರುದ್ರಯ್ಯ ಕೇಳಿದ.

ಅವನ ಗಂಟಲು ಕಟ್ಟಿತ್ತು. ದುಃಖದಿಂದಲ್ಲ, ಬೆಳಗಿನಿಂದ ಅಡುಗೆಯವರ ಮೇಲೆ ಕೂಗಾಡಿ. "ನಾನು ಮೈಯೆಲ್ಲ ಬೆವರಾಗಿ ದುಡಿಯುತ್ತೇನೆ. ಅವನ ಹಣೆಯ ವಿಭೂತಿ ಕೂಡ ಅಳಿಸಿರುವುದಿಲ್ಲ. ದುಡಿದವರು ಹಾಗಿರುತ್ತಾರೆಯೇ?"

ಗುರುಗಳಿಗೂ ಸಾಕಾಗಿಹೋಗಿತ್ತು. ಮರುಳಯ್ಯನ ಮೇಲಿನ ಈ ದೂರನ್ನು ಅವರು ಮೊದಲ ಸಲ ಕೇಳುತ್ತಿರಲಿಲ್ಲ. "ಕುಳಿತುಕೋ. ನಿಂತಿದ್ದರೆ ನಿನ್ನ ಬಾಯಿ ಮುಚ್ಚುವುದಿಲ್ಲ" ಎಂದು ಹೇಳಿ ಕತೆ ಶುರುಮಾಡಿದರು.

ಒಬ್ಬ ಹೂವಿನ ವ್ಯಾಪಾರಿ ಇದ್ದ. ತೋಟಗಳಿಂದ ಮಲ್ಲಿಗೆ ಕೊಂಡು ಘಾಟಿಯಾಚೆಯ ಪೇಟೆಗೆ ಕಳಿಸುತ್ತಿದ್ದ. ಅವನ ಡೀಸೆಲ್ ಗಾಡಿ ಊರಿಗೆಲ್ಲ ಕೇಳುವಂತೆ ಗುಡುಗುತ್ತಿತ್ತು. ಅದು ಮರಳಿದ ಮೇಲೆ ಅವನು ಎಂಜಿನ್ನಿನ ಮೇಲೆ ಕೈಯಿಟ್ಟು ನೋಡುತ್ತಿದ್ದ. ಕೈ ಚುರ್ ಎಂದರೆ ಅವನಿಗೆ ಸಮಾಧಾನ. ಗಾಡಿ ದುಡಿದಿದೆ, ಚಾಲಕ ಎಲ್ಲೂ ನಿದ್ದೆ ಹೊಡೆದಿಲ್ಲ.

ಆ ಗಾಡಿ ಕೆಟ್ಟು ಮೂಲೆ ಸೇರಿತು. ವ್ಯಾಪಾರಿ ಕರೆಂಟಿನ ಗಾಡಿ ಕೊಂಡ. ಅದು ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬಂತು. ಅವನು ಮೋಟಾರಿನ ಮೇಲೆ ಕೈಯಿಟ್ಟ. ಬರೀ ಬೆಚ್ಚಗಿತ್ತು.

"ಯಾವ ಮರದ ಕೆಳಗೆ ಮಲಗಿದ್ದೆಯೋ?" ಎಂದು ಚಾಲಕನನ್ನು ಕೇಳಿದ.

"ಪೇಟೆಗೇ ಹೋಗಿದ್ದೆ ಯಜಮಾನ್ರೇ, ಅಂಗಡಿಯವರನ್ನ ಕೇಳಿ. ಈ ಮೋಟಾರು ಬ್ಯಾಟರಿಯಿಂದ ತಗೊಂಡದ್ದನ್ನ ಹೆಚ್ಚುಕಡಿಮೆ ಪೂರ್ತಿ ಚಕ್ರಕ್ಕೇ ಕೊಡುತ್ತೆ. ಬಿಸಿಯಾಗೋಕೆ ಉಳಿಯೋದು ಸ್ವಲ್ಪವೇ."

"ಬಿಸಿಯಾಗದೆ ಎಲ್ಲಾದರೂ ಕೆಲಸ ಆಗುತ್ತಾ? ನನ್ನ ಕಿವಿಗೆ ಹೂವಿಡಬೇಡ."

ದಿನಾ ಇದೇ ಗೋಳು. ಚಾಲಕ ಹೇಳಿ ಹೇಳಿ ಸೋತ. ಹೂವು ಬಾಡದೆ ಮುಟ್ಟಿತೇ ಎಂದು ಯಜಮಾನ ಒಮ್ಮೆಯಾದರೂ ಕೇಳಲಿಲ್ಲ. ಗಾಡಿ ನಿಂತಕೂಡಲೇ ಅವನ ಕೈ ಮೋಟಾರಿನ ಮೇಲೆ. ಕೊನೆಗೆ, ಬೇರೆ ಚಾಲಕನನ್ನು ನೋಡಿಕೊಳ್ಳುತ್ತೇನೆ ಎಂದುಬಿಟ್ಟ. ಚಾಲಕನಿಗೆ ರೋಸಿಹೋಯಿತು. ಇರುವ ಕೆಲಸವೂ ಹೋದರೆ ಮನೆ ನಡೆಯುವುದು ಹೇಗೆ? ಕಾಲು ತೆಗೆದರೂ ಚಕ್ರವನ್ನು ಹಿಡಿದೇ ಇರುವಂತೆ ಬ್ರೇಕನ್ನು ಬಿಗಿ ಮಾಡಿಸಿದ. ಅಂದು ಹೊರೆ ಕಡಿಮೆಯಿತ್ತು. ಗಾಡಿ ತಿಣುಕಾಡಿಕೊಂಡು ಹೇಗೋ ಹೋಗಿಬಂತು. ಮೋಟಾರು ಮುಟ್ಟಲಾಗದಷ್ಟು ಕಾದಿತ್ತು.

ವ್ಯಾಪಾರಿ ಚುರ್ ಎಂದ ಬೆರಳಿಗೆ ಉಫ್ ಉಫ್ ಎಂದು ಗಾಳಿ ಊದುತ್ತ, "ಈಗ ದುಡಿದೆ ನೋಡು" ಎಂದು ಅವನ ಬೆನ್ನು ತಟ್ಟಿದ.

ಯುಗಾದಿಯ ಹಿಂದಿನ ದಿನ ಬಂತು. ವರ್ಷವಿಡೀ ಕಾದಿದ್ದ ವ್ಯಾಪಾರ ಅದು. ತೋಟತೋಟ ಅಲೆದು ಕೊಂಡ ಮಲ್ಲಿಗೆಯನ್ನೆಲ್ಲ ಹೇರಿಕೊಂಡು ಗಾಡಿ ಘಾಟಿ ಹತ್ತಿತು. ಬ್ರೇಕು ಬಿಗಿಯಾಗಿಯೇ ಇತ್ತು. ಅರ್ಧಕ್ಕೇ ಬ್ಯಾಟರಿ ಬರಿದಾಗಿ ಗಾಡಿ ನಿಂತಿತು. ಸುದ್ದಿ ತಿಳಿದು ವ್ಯಾಪಾರಿ ಬರುವಷ್ಟರಲ್ಲಿ ಹೂವು ಬಿಸಿಲಿಗೆ ಕಂದಿಹೋಗಿತ್ತು. ಅವನು ತಲೆಯ ಮೇಲೆ ಕೈಹೊತ್ತು ರಸ್ತೆಯಲ್ಲೇ ಕುಳಿತ.

"ಮೋಟಾರು ಮುಟ್ಟಿ ನೋಡಿ ಯಜಮಾನ್ರೇ, ಚೆನ್ನಾಗಿ ಬಿಸಿಯಾಗಿದೆ" ಎಂದ ಚಾಲಕ.

ಕತೆ ಕೇಳಿ ರುದ್ರಯ್ಯ ನಕ್ಕ. "ಎಂಥ ಪೆದ್ದ ಬುದ್ಧೀ ಆ ವ್ಯಾಪಾರಿ" ಎಂದ.

ಗುರುಗಳು ನಗಲಿಲ್ಲ.

"ನೀನು ಬೆವರುತ್ತಿದ್ದಾಗ ಪಂಕ್ತಿಯಲ್ಲಿ ಕುಳಿತವರು ಕಾದು ಕಾದು ಹಸಿದೇ ಎದ್ದುಹೋದರಲ್ಲ ರುದ್ರಯ್ಯ, ಅವರನ್ನು ನೋಡಿದೆಯಾ?"